ಎಂಬತ್ತಕ್ಕೆ ಹತ್ತೊಂಬತ್ತು

ತನ್ನ ಬಗ್ಗೆ ತಾನೇ ಹೇಳಿಕೊಂಡು ನಗುವ ಚಟ ಜವನಗೊಂಡನಹಳ್ಳಿಯ ಪಾಲಣ್ಣನಿಗೆ ಅಂಟಿದ್ದು ಈಚೆಗೆ. ಮೊದಲೆಲ್ಲ ಅವನ ಬಗ್ಗೆ ಬೇರೆಯವರು ನಗುತ್ತಿದ್ದರು, ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಈಗ ಬಸ್ಸಿನಲ್ಲೋ ಬೀಗರ ಮನೆಯಲ್ಲೋ ಯಾರಾದರೂ ಪರಿಚಯದವರು ಸಿಕ್ಕರೆ ಸಾಕು, "ನಾನು ಫೇಲಾದ ಕಥೆ ಕೇಳೀರೇನ್ರಿ?" ಎಂದು ಶುರು ಮಾಡುತ್ತಾನೆ. ಒಮ್ಮೆ ಕೇಳಿದವರೂ ಇನ್ನೊಮ್ಮೆ ಕೇಳುತ್ತಾರೆ. ಒಬ್ಬ ಅಧ್ಯಕ್ಷ ತನ್ನ ಬಾಯಿಂದಲೇ ತನ್ನ ಮಾನ ಹರಾಜು ಹಾಕಿಕೊಳ್ಳುವಾಗ ಎದ್ದು ಹೋಗುವ ಮನಸ್ಸು ಯಾರಿಗೆ ಬರುತ್ತದೆ?

ಪಾಲಣ್ಣನಿಗೆ ಐವತ್ತೆಂಟು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದೇ ಬೆಲೆ ಕುದುರಿಸುವ ಕಸುಬು. ಅದರಲ್ಲಿ ಬಾಯಿಗೆ ಕೆಲಸವೇ ಇಲ್ಲ. ಆ ಇಪ್ಪತ್ತೆರಡು ವರ್ಷ ಸುಮ್ಮನಿದ್ದದ್ದಕ್ಕೆ ಬಾಯಿ ಈಗ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಅವನ ಹೆಂಡತಿ ಚಂದ್ರಕ್ಕ ಹೇಳುತ್ತಾಳೆ.

ಎಂಟು ವರ್ಷದ ಹಿಂದೆ, ತೆಂಗು ಬೆಳೆಗಾರರೆಲ್ಲ ಸೇರಿ ಒಂದು ಕಂಪನಿ ಮಾಡಿಕೊಂಡರೆ ಕಾಯನ್ನು ಒಟ್ಟಿಗೆ ಮಾರಬಹುದು ಎಂಬ ಮಾತು ಬಂತು. ಆಗ ಹಳೆಯ ಮೊಪೆಡ್ ಹತ್ತಿ ಊರೂರು ಅಲೆದು, ತೋಟದ ಬದುವಿನಲ್ಲಿ ಕುಳಿತು ಗೋಗರೆದು, ಆರು ನೂರು ಜನರನ್ನು ಸದಸ್ಯರನ್ನಾಗಿ ಮಾಡಿದವನು ಪಾಲಣ್ಣ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯುವುದಕ್ಕೆ ಅವನು ಪುರುಸೊತ್ತೂ ಕೊಡುವುದಿಲ್ಲ. ಹಿರಿಯೂರಿನಲ್ಲಿ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು ಆಯಿತು. ಬೋರ್ಡು ಬಂತು. ಎಂಟು ಜನ ನಿರ್ದೇಶಕರಾದರು, ಅವರಲ್ಲಿ ಪಾಲಣ್ಣ ಅಧ್ಯಕ್ಷನಾದ. ಲೆಕ್ಕಪತ್ರ, ಕಾಗದ, ಕಂಪ್ಯೂಟರು ನೋಡಿಕೊಳ್ಳಲು ಆಶಾರಾಣಿ ಎಂಬ ಕೃಷಿ ಪದವಿ ಓದಿದ ಹುಡುಗಿ ಮ್ಯಾನೇಜರಾಗಿ ಬಂದಳು.

ತಿಂಗಳಿಗೊಂದು ಸಭೆ ನಡೆಯಬೇಕು, ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಎಲ್ಲರೂ ಸಹಿ ಹಾಕಬೇಕು. ಇದು ಕಾನೂನು. ಮೊದಲ ವರ್ಷ ಒಬ್ಬರಿಗೆ ನೀರು ಹಾಯಿಸುವ ಸರದಿ, ಒಬ್ಬರಿಗೆ ನಾಮಕರಣ, ಒಬ್ಬರಿಗೆ ಬಸ್ಸು ತಪ್ಪಿತು. ಪಾಲಣ್ಣನಿಗೆ ಕನಿಕರ ಹುಟ್ಟಿತು. ಅವನ ಜೀವನದ ದೊಡ್ಡ ತಪ್ಪುಗಳೆಲ್ಲ ಕನಿಕರದಿಂದಲೇ ಆದವು. "ನಿಮಗ್ಯಾಕ್ರಿ ತೊಂದ್ರೆ, ಪುಸ್ತಕಾನೇ ನಿಮ್ಮನಿಗೆ ತರ್ತೀನಿ" ಎಂದ. ಅಂದಿನಿಂದ ಸಭೆಯ ಹಿಂದಿನ ದಿನವೇ ಅವನು ತೀರ್ಮಾನಗಳನ್ನು ಹೇಳಿ ಬರೆಸುವುದು, 'ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ' ಎಂದು ಆಶಾರಾಣಿ ಸೇರಿಸುವುದು, ಪುಸ್ತಕವನ್ನು ಮೊಪೆಡ್ಡಿನ ಚೀಲದಲ್ಲಿಟ್ಟುಕೊಂಡು ಅವನು ಏಳು ಮನೆ ತಿರುಗುವುದು. ಒಬ್ಬರು ಕೊಟ್ಟಿಗೆಯಲ್ಲಿ ನಿಂತು ಸಹಿ ಹಾಕಿದರೆ ಇನ್ನೊಬ್ಬರು ಉಣ್ಣುತ್ತಾ ಎಡಗೈಯಲ್ಲಿ ಹಾಕಿದರು. ಏಳು ವರ್ಷ ಕಂಪನಿಯಲ್ಲಿ ಒಂದೇ ಒಂದು ಭಿನ್ನಾಭಿಪ್ರಾಯ ಬರಲಿಲ್ಲ. ಇಂಥ ಒಗ್ಗಟ್ಟು ಜಿಲ್ಲೆಯಲ್ಲೇ ಇಲ್ಲವೆಂದು ಪಾಲಣ್ಣ ಭಾಷಣದಲ್ಲಿ ಹೇಳುತ್ತಿದ್ದ. ಹೇಳುವಾಗ ಅದನ್ನು ನಂಬಿಯೂ ಇದ್ದ.

ಆಮೇಲೆ ಕಂಪನಿಗೆ ಕೊಬ್ಬರಿ ಒಣಗಿಸುವ ಯಂತ್ರ ಮಂಜೂರಾಯಿತು. ಅದನ್ನು ಕೊಡಿಸುತ್ತಿದ್ದ ಚಿತ್ರದುರ್ಗದ ಸಂಸ್ಥೆಯೊಂದು ಹೊಸ ನಿಯಮ ತಂದಿತು. ಬರೀ ಪುಸ್ತಕ ಸಾಲದು. ಎಂಟು ನಿರ್ದೇಶಕರಲ್ಲಿ ಕನಿಷ್ಠ ಐದು ಜನ ಸಭೆಯಲ್ಲಿ ಕೂತಿರುವ ಫೋಟೋ ಬೇಕು. ಫೋಟೋದಲ್ಲಿ ತಾರೀಖು, ಸಮಯ, ಜಾಗ ಎಲ್ಲವೂ ತಾನಾಗಿ ಮೂಡುವ ಫೋಟೋ. ಪಾಲಣ್ಣ ಎಲ್ಲರಿಗೂ ಫೋನ್ ಮಾಡಿದ. ಮೊದಲ ಸಭೆಗೆ ಬಂದವರು ಅವನು, ಆಶಾರಾಣಿ ಇಬ್ಬರೇ. ಎರಡನೆಯದಕ್ಕೆ ಹಿರಿಯೂರು ಪೇಟೆಯ ಅಬ್ದುಲ್ ಖಾದರ್ ಸಾಬರು ಬಂದರು. ತಲೆತಲಾಂತರದಿಂದ ತೆಂಗಿನ ನಾರಿನ ಹಗ್ಗದ ವ್ಯಾಪಾರ ಮಾಡುವ ಮನೆತನ ಅವರದು, ಊರಾಚೆ ನೂರು ಮರದ ತೋಟವೂ ಇದೆ. ಅವರು ಟೀ ಕುಡಿದು, "ಪುಸ್ತಕ ಮನಿಗೇ ಕಳಿಸ್ರಿ ಪಾಲಣ್ಣ, ಅದೇ ಬೇಷಿತ್ತು" ಎಂದು ಹೊರಟರು. ಮೂರನೆಯದಕ್ಕೆ ಅಂತೂ ನಾಲ್ಕು ಜನ ಆದರು. ಐದನೆಯ ಕುರ್ಚಿಯ ಮೇಲೆ ಕೆಳಗಿನ ಗೊಬ್ಬರದ ಅಂಗಡಿಯವನನ್ನು ಕೂರಿಸೋಣವೆಂದು ಪಾಲಣ್ಣ ಹೇಳಿದ್ದುಂಟು. ಆಶಾರಾಣಿ ಮೊಬೈಲು ಕೆಳಗಿಟ್ಟು, "ಆಗಲ್ಲ ಸಾರ್" ಎಂದಳು. ಅವಳು ಅವನಿಗೆ 'ಆಗಲ್ಲ' ಎಂದದ್ದು ಅದೇ ಮೊದಲು.

ಸಂಸ್ಥೆಯಿಂದ ಕಾಗದ ಬಂತು. ಮುಂದಿನ ಸಭೆಗೂ ಐದು ಜನ ಸೇರದಿದ್ದರೆ ಯಂತ್ರ ಬೇರೆ ತಾಲ್ಲೂಕಿನ ಕಂಪನಿಗೆ ಹೋಗುತ್ತದೆ. ಅದಕ್ಕೆ ಮುಂಚೆ ನಿರ್ದೇಶಕರೆಲ್ಲ ಎರಡು ದಿನ ಊರು ಬಿಟ್ಟು ಒಂದು ಕಡೆ ಕೂತು, ಕಂಪನಿ ಎತ್ತ ಹೋಗಬೇಕು, ಅದನ್ನು ನಡೆಸುವವರು ಹೇಗಿರಬೇಕು ಎಂದು ಯೋಚಿಸುವ ನಾಯಕತ್ವ ಶಿಬಿರ ಮಾಡಬೇಕು. ನಡೆಸಿಕೊಡಲು ದುರ್ಗದಿಂದ ಮದೀಹಾ ಎಂಬವರು ಬರುತ್ತಾರೆ.

ಪಾಲಣ್ಣ ಕಾಗದ ಓದಿ ಹಿಗ್ಗಿದ. "ಒಳ್ಳೇದಾತು ಕಣಮ್ಮ ಆಶಾ. ಇವ್ರನ್ನೆಲ್ಲ ಒಂದ್ಸಲ ರಿಪೇರಿ ಮಾಡ್ಸಾಣ" ಎಂದ. ರಿಪೇರಿಯ ಪಟ್ಟಿಯಲ್ಲಿ ಏಳು ಹೆಸರಿದ್ದವು. ಎಂಟನೆಯದು ಅವನ ತಲೆಗೆ ಹೊಳೆಯಲೇ ಇಲ್ಲ. ಆದರೆ ರಾತ್ರಿ ಮಲಗಿದಲ್ಲೇ ಲೆಕ್ಕ ಹಾಕಿದ. ಯಂತ್ರ ಹೋದರೆ ಕಂಪನಿ ಹೋದಂತೆಯೇ. ಕಂಪನಿ ಹೋದರೆ ಅವನು ಊರಿನಲ್ಲಿ ಮತ್ತೆ ಒಬ್ಬ ಹಳೆಯ ಕುರಿ ದಲ್ಲಾಳಿ, ಅದೂ ಮೊಣಕಾಲು ನೋವಿನವನು. ತಾನು ಗೋಗರೆದು ಸೇರಿಸಿದ ಆರು ನೂರು ಜನರ ಮುಖ ಸಂತೆಯಲ್ಲಿ ಹೇಗೆ ನೋಡುವುದು ಎಂಬುದೇ ಅವನ ದೊಡ್ಡ ಭಯವಾಗಿತ್ತು.

ಆಷಾಢವಾದ್ದರಿಂದ ಕಲ್ಯಾಣ ಮಂಟಪಗಳೆಲ್ಲ ಖಾಲಿ ಹೊಡೆಯುತ್ತಿದ್ದವು. ನಿರ್ದೇಶಕರಲ್ಲೊಬ್ಬನಾದ ಬಾಲರಾಜುವಿನ ಷಡ್ಡಕನದು ಮದಕರಿಪುರದ ಹತ್ತಿರ ಒಂದು ಮಂಟಪ ಇತ್ತು, ಸುಮ್ಮನೆ ಬಿಟ್ಟುಕೊಟ್ಟ. ಟೆಂಪೋ ಮಾಡಿಕೊಂಡು ಎಲ್ಲರೂ ಬಂದಿಳಿದರು. ಏಳಕ್ಕೆ ಏಳೂ ಜನ ಬಂದದ್ದಕ್ಕೆ ಪಾಲಣ್ಣ ತನ್ನ ವರ್ಚಸ್ಸೇ ಕಾರಣ ಎಂದುಕೊಂಡ. ಎರಡು ದಿನವೂ ಮಂಟಪದ ಭಟ್ಟರದೇ ಊಟ, ಹೋಳಿಗೆ ಇರುತ್ತದೆ ಎಂದು ಬಾಲರಾಜು ಫೋನಿನಲ್ಲಿ ಸುದ್ದಿ ಹಬ್ಬಿಸಿದ್ದು ಅವನಿಗೆ ಆಮೇಲೆ ಗೊತ್ತಾಯಿತು. ಹೆಂಗಸರಿಗೆ ವಧುವಿನ ಕೋಣೆ, ಗಂಡಸರಿಗೆ ವರನ ಕೋಣೆ. ವೇದಿಕೆಯ ಮೇಲೆ ಮದುವೆಯ ಎರಡು ದೊಡ್ಡ ಕುರ್ಚಿಗಳು ಕೆಂಪು ಮಖಮಲ್ಲಿನ ಹೊದಿಕೆಯೊಂದಿಗೆ ಹಾಗೆಯೇ ಇದ್ದವು. ಪಾಲಣ್ಣ ಬ್ಯಾನರ್ ಕಟ್ಟಿಸಿದ್ದ. 'ನಾಯಕತ್ವ ಬಲವರ್ಧನಾ ಶಿಬಿರ' ಎಂಬ ಅಕ್ಷರ ಅಂಗೈಯಗಲ, ಅವನ ಫೋಟೋ ಬಾಗಿಲಗಲ. ಕೆಳಗೆ ಉಳಿದ ಏಳು ಜನ ಬೆಂಕಿಪೊಟ್ಟಣದಷ್ಟು.

ಮದೀಹಾ ಮೂವತ್ತರ ಒಳಗಿನವರು, ತಲೆಗೆ ದುಪಟ್ಟಾ ಹೊದ್ದ, ನಿಧಾನ ಮಾತಿನ ಹೆಣ್ಣುಮಗಳು. "ಎರಡು ಮಾತು ಹೇಳಿ ಶುರು ಮಾಡಿ ಸರ್" ಎಂದು ಪಾಲಣ್ಣನಿಗೆ ಹೇಳಿದರು. ಪಾಲಣ್ಣ ವರನ ಕುರ್ಚಿಯಲ್ಲಿ ಕೂತು ಮೈಕ್ ತೆಗೆದುಕೊಂಡ. ಎಲ್ಲರೂ ಧೈರ್ಯವಾಗಿ ಮಾತಾಡಬೇಕು, ಒಬ್ಬರೇ ಮಾತಾಡಿದರೆ ಸಂಸ್ಥೆ ಬೆಳೆಯುವುದಿಲ್ಲ ಎಂಬುದೇ ಅವನ ಭಾಷಣದ ಸಾರಾಂಶ. ಅದನ್ನು ಒಂದು ಗಂಟೆ ಹತ್ತು ನಿಮಿಷ ಹೇಳಿದ. ಮುಗಿಯುವ ಹೊತ್ತಿಗೆ ತಿಪ್ಪಯ್ಯ ಎಂಬ ಹಿರಿಯ ನಿರ್ದೇಶಕ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಪಾಪ, ವಯಸ್ಸಾಯಿತು, ಈತನಿಗೆ ನಾಯಕತ್ವದ ಗುಣ ಕಮ್ಮಿ ಎಂದು ಪಾಲಣ್ಣ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಮದೀಹಾ ಎಲ್ಲರನ್ನೂ ಜಮಖಾನೆಯ ಮೇಲೆ ದುಂಡಗೆ ಕೂರಿಸಿದರು, ಅಧ್ಯಕ್ಷನನ್ನೂ ಕೆಳಗಿಳಿಸಿ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ಈ ಕಂಪನಿಯಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆ ಇದೆ? ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ಹೆಸರು ಬೇಡ, ಅಂಕ ಬರೆದರೆ ಸಾಕು" ಎಂದರು. ನಿರ್ದೇಶಕರ ಜೊತೆ ಆಶಾರಾಣಿಯೂ ಬರೆಯಲಿ ಎಂದರು. ಪಾಲಣ್ಣ ಬರೆಯುವ ಹಾಗಿರಲಿಲ್ಲ, ಅಳತೆ ಆಗುತ್ತಿದ್ದುದೇ ಅವನ ಅಧ್ಯಕ್ಷಗಿರಿ. ಸುಮ್ಮನೆ ಕೂರಲಾಗದೆ ಅವನು ಪೆನ್ನು ಹಂಚುತ್ತಾ, ಕನ್ನಡಕ ಇಲ್ಲದವರ ಪಕ್ಕದಲ್ಲಿ ಕೂತು "ಇಲ್ಲಿ ಬರೀರಿ, ಇಲ್ಲಿ" ಎಂದು ತೋರಿಸುತ್ತಾ ಓಡಾಡಿದ. ಎಂಟು ಚೀಟಿ ಬಿಚ್ಚಿದಾಗ ಏಳರಲ್ಲಿ ಹತ್ತು ಅಂಕ. ಗೊರಕೆಯಿಂದ ಎದ್ದ ತಿಪ್ಪಯ್ಯನದು ಹನ್ನೊಂದು.

ಪಾಲಣ್ಣನ ಮುಖ ಊರಗಲವಾಯಿತು. "ನೋಡಮ್ಮ, ಇದು ನಮ್ ಕಂಪನಿ" ಎಂದ. ಮದೀಹಾ ಚೀಟಿಗಳನ್ನು ಜೋಡಿಸಿ ಬದಿಗಿಟ್ಟು, "ಇಷ್ಟು ಚೆನ್ನಾಗಿದ್ದರೆ ಸಭೆಗೆ ಯಾಕೆ ಬರುತ್ತಿಲ್ಲ?" ಎಂದು ಕೇಳಿದರು. ಉತ್ತರ ಕೊಡಲು ಪಾಲಣ್ಣನೇ ಬಾಯಿ ತೆರೆದ, ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಹೋಳಿಗೆ ಇತ್ತು. ಮಧ್ಯಾಹ್ನದ ಮೇಲೆ ಯಾರಿಂದಲೂ ಯಾವ ಯೋಚನೆಯೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಪ್ರಶ್ನೆಯನ್ನು ಮದೀಹಾ ಮತ್ತೆ ಇಟ್ಟರು. ಖಾದರ್ ಸಾಬರು ಗಡ್ಡ ಸವರಿಕೊಂಡು ನಕ್ಕರು. "ಬೇಟಿ, ಕಾಗದದಾಗೆ ಕೇಳಿದ್ರೆ ಇವ್ರೆಲ್ಲ ಹತ್ತೇ ಬರಿಯೋದು. ಯಾರ ಅಕ್ಷರ ಯಾರದು ಅಂತ ಪಾಲಣ್ಣಗೆ ಗೊತ್ತಿಲ್ಲೇನು, ಎಂಟು ವರ್ಷದಿಂದ ಸಹಿ ತಗಂತಾ ಅವ್ನೆ. ನಿಜ ಬೇಕು ಅಂದ್ರೆ ಟವೆಲ್ ಹಾಕ್ರಿ. ನಮ್ ಜನ ಟವೆಲ್ ಕೆಳಗೆ ಸುಳ್ಳಾಡಲ್ಲ" ಎಂದರು.

ಮದೀಹಾಗೆ ಅರ್ಥವಾಗಲಿಲ್ಲ. ಬಾಲರಾಜು ವಿವರಿಸಿದ. ಸಂತೆಯಲ್ಲಿ ನಡುವಿನವನ ಕೈಮೇಲೆ ಟವೆಲ್ ಹೊದಿಸುತ್ತಾರೆ. ಅದರ ಕೆಳಗೆ ಅವನ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಬೆರಳು ಹಿಡಿದರೆ ಐದು, ಹಾಗೆ ಎರಡು ಸಲ ಹಿಡಿದರೆ ಹತ್ತು. ಬೆರಳು ಹಿಡಿಯದೆ ಬರೀ ಅಂಗೈ ಒತ್ತಿ ಕೈ ತೆಗೆದರೆ ಏನೂ ಇಲ್ಲ ಎಂದರ್ಥ. ಯಾರು ಎಷ್ಟು ಹೇಳಿದರೆಂದು ನಡುವಿನವನು ಸತ್ತರೂ ಬಾಯಿ ಬಿಡುವಂತಿಲ್ಲ, ಕಡೆಯ ಮಾತನ್ನಷ್ಟೇ ಹೇಳಬೇಕು. ಮದೀಹಾಗೆ ಇಷ್ಟವಾಯಿತು. "ಹಾಗಾದರೆ ಒಟ್ಟು ಮಾತ್ರ ಹೇಳಲಿ. ಎಂಟು ಜನ, ಎಂಬತ್ತಕ್ಕೆ ಎಷ್ಟು ಅಂತ. ಆದರೆ ನಡುವೆ ಯಾರು..." ಎಂದು ಅವರು ಹೊರಗಿನವರೊಬ್ಬರನ್ನು ಹುಡುಕುವವರಂತೆ ಅಡುಗೆಮನೆ ಕಡೆ ನೋಡಿದರು.

ನೋಡಿ ತಿರುಗುವಷ್ಟರಲ್ಲಿ ಪಾಲಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡಾಗಿತ್ತು.

"ಇಲ್ಲೇ ನೋಡ್ರಿ ನನ್ನ ಬುದ್ಧಿ" ಎಂದು ಅವನು ಈಗ ಕಥೆ ಹೇಳುವಾಗ ಇಲ್ಲಿ ನಿಲ್ಲಿಸುತ್ತಾನೆ. "ಪರೀಕ್ಷೆ ನಂದು. ಪೇಪರ್ ತಿದ್ದೋನೂ ನಾನೇ ಆಗ್ಬೇಕು ಅಂತ ಹಾರಿ ಕುಂತೆ. ಒಬ್ಬರೂ ಬ್ಯಾಡ ಅನ್ಲಿಲ್ಲ. ಎಂಟು ವರ್ಷದಾಗೆ ಅವ್ರಿಗೆ ಬ್ಯಾಡ ಅನ್ನೋದು ಮರ್ತೇ ಹೋಗಿತ್ತು." ಮದೀಹಾ ಒಬ್ಬೊಬ್ಬರಾಗಿ ಬರಲು ಹೇಳಿದರು.

ಮೊದಲು ಖಾದರ್ ಸಾಬರು ಬಂದರು. ಟವೆಲ್ ಕೆಳಗೆ ಮೂರು ಬೆರಳು ಹಿಡಿದರು. ಪಾಲಣ್ಣ ಇನ್ನೂ ಹಿಡಿಯುತ್ತಾರೇನೋ ಎಂದು ಕೈ ಚಾಚಿಕೊಂಡೇ ಇದ್ದ. ಅವರು ಕೈ ತೆಗೆದು ಹೋಗಿ ಕೂತರು. ಮೂರು. ಇರಲಿ, ಸಾಬರಿಗೆ ಮೊದಲಿಂದಲೂ ಕೊಂಚ ಬಿಗಿ. ತಿಪ್ಪಯ್ಯ ಬಂದು ಎರಡು ಬೆರಳು ಹಿಡಿದ. ನಿನ್ನೆ ಹನ್ನೊಂದು ಬರೆದ ಕೈ ಅದೇ. ಬಾಲರಾಜು ನಾಲ್ಕು. ಆಮೇಲೆ ಮೂವರು ಬಂದರು, ಹೊಸದುರ್ಗ ರಸ್ತೆಯ ಕಡೆಯ ತೋಟದವರು, ಯಾವತ್ತೂ ಪಾಲಣ್ಣನ ಮಾತಿಗೆ ಎರಡಾಡದವರು. ಮೂರು, ಎರಡು, ನಾಲ್ಕು. ಕುರಿ ಸಂತೆಯಲ್ಲಿ ಸಾವಿರ ಕೈ ಹಿಡಿದವನು ಅವನು. ಹೆದರಿದ ಕೈ ಯಾವುದು, ಆಟ ಆಡುವ ಕೈ ಯಾವುದು, ಮನಸ್ಸಿನಿಂದ ಬಂದ ಕೈ ಯಾವುದು ಎಂದು ಬೆರಳ ತುದಿಯಲ್ಲೇ ತಿಳಿಯುತ್ತದೆ. ಇವೆಲ್ಲ ಮನಸ್ಸಿನಿಂದ ಬಂದ ಕೈಗಳೇ. ಅದೇ ಅವನಿಗೆ ಸಂಕಟವಾಯಿತು.

ಆಶಾರಾಣಿ ಬಂದಳು. ಅವಳಾದರೂ ಕೈ ತುಂಬ ಹಿಡಿಯುತ್ತಾಳೆ ಎಂದುಕೊಂಡಿದ್ದ. ತನ್ನ ಮಗಳಂತೆ ಎಂದು ಎಷ್ಟು ಸಭೆಯಲ್ಲಿ ಹೇಳಿದ್ದಾನೆ. ಅವಳು ತಲೆ ಬಗ್ಗಿಸಿಕೊಂಡು ಅವನ ಕಿರುಬೆರಳನ್ನು ಮಾತ್ರ ಮೆಲ್ಲಗೆ ಹಿಡಿದು ಬಿಟ್ಟಳು. ಒಂದು.

ಕಡೆಗೆ ದೊಡ್ಡಕ್ಕ. ಅರವತ್ತು ದಾಟಿದ ಹೆಂಗಸು, ಗಂಡ ಹೋದ ಮೇಲೆ ಇನ್ನೂರು ಮರದ ತೋಟವನ್ನೂ ನಲವತ್ತು ಕುರಿಯನ್ನೂ ಒಬ್ಬಳೇ ಸಂಭಾಳಿಸಿದವಳು. ಕಾನೂನಿಗೆ ಹೆಂಗಸೊಬ್ಬಳು ಬೇಕೆಂದು ಪಾಲಣ್ಣನೇ ಅವಳ ಹೆಸರು ಸೇರಿಸಿದ್ದ. ಸಂತೆ ಗೊತ್ತಿದ್ದವಳಾದ್ದರಿಂದ ಗಂಡಸಿನ ಕೈ ಎಂದು ಸಂಕೋಚಪಡಲಿಲ್ಲ. ಟವೆಲ್ ಕೆಳಗೆ ಕೈ ತಂದು ಅವನ ಅಂಗೈಯನ್ನು ಒಮ್ಮೆ ಒತ್ತಿದಳು. ಬೆರಳು ಹಿಡಿಯಲಿಲ್ಲ. ಕೈ ತೆಗೆದು ಸೆರಗಿಗೆ ಒರೆಸಿಕೊಂಡು ಹೋಗಿ ಕೂತಳು.

ಹತ್ತೊಂಬತ್ತು. ಎಂಬತ್ತಕ್ಕೆ ಹತ್ತೊಂಬತ್ತು. ಲೆಕ್ಕ ತಪ್ಪಿರಬಹುದೆಂದು ಎರಡು ಸಲ ಕೂಡಿದ. ಎರಡನೆಯ ಸಲವೂ ಅಷ್ಟೇ ಆಯಿತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಪ್ರತಿಯೊಬ್ಬರಿಗೂ ಗೊತ್ತಿದ್ದುದು ತಮ್ಮ ಅಂಕ ಮಾತ್ರ. ಒಟ್ಟು ಗೊತ್ತಿದ್ದ ಮನುಷ್ಯ ಜಗತ್ತಿನಲ್ಲಿ ಅವನೊಬ್ಬನೇ. ಪಾಲಣ್ಣನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

"ಎಂಬತ್ತಕ್ಕೆ ಅರವತ್ತೊಂದು" ಎಂದ.

ಇಪ್ಪತ್ತೆರಡು ವರ್ಷದ ದಲ್ಲಾಳಿ ಕಸುಬಿನಲ್ಲಿ ಅವನು ಟವೆಲ್ ಕೆಳಗಿನ ಮಾತನ್ನು ಒಂದು ರೂಪಾಯಿಯಷ್ಟೂ ಹೆಚ್ಚುಕಮ್ಮಿ ಮಾಡಿದವನಲ್ಲ. ಕುರಿಗೆ ಹೇಳದ ಸುಳ್ಳನ್ನು ತನಗಾಗಿ ಹೇಳಿಕೊಂಡ. ಅದರಲ್ಲೂ ಜಾಣತನ ನೋಡಿ, ಅರವತ್ತು ಎಂದರೆ ಅನುಮಾನ ಬರುತ್ತದೆಂದು ಮೇಲೊಂದು ಸೇರಿಸಿದ್ದ.

ಎಲ್ಲರೂ ಖುಷಿಪಡುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಮದೀಹಾ ವರದಿ ಬರೆದುಕೊಳ್ಳುತ್ತಾರೆ, ಯಂತ್ರ ಬರುತ್ತದೆ ಎಂದು ಅವನು ಕಾದ. ಚಪ್ಪಾಳೆ ಬೀಳಲಿಲ್ಲ. ಖಾದರ್ ಸಾಬರು ಜಮಖಾನೆಯ ಎಳೆ ಕೀಳತೊಡಗಿದರು. ಬಾಲರಾಜು ಅತ್ತ ಇತ್ತ ಕದ್ದು ನೋಡಿದ. ಆಶಾರಾಣಿಯ ಮುಖ ಬಿಳಿಚಿತು. ಪಾಲಣ್ಣನಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ಧಸಕ್ಕೆಂದು ತಿಳಿಯಿತು. ಒಬ್ಬೊಬ್ಬರೂ ತಾವೊಬ್ಬರೇ ಕಮ್ಮಿ ಕೊಟ್ಟೆವು ಎಂದುಕೊಳ್ಳುತ್ತಿದ್ದರು. ಮಿಕ್ಕವರ ಮಾತೆಲ್ಲ ಇಲ್ಲಿ ನಡೆಯುತ್ತಿದೆ, ನಡೆಯದಿದ್ದುದು ನನ್ನದೊಂದೇ, ಹಾಗಾದರೆ ನನ್ನಲ್ಲೇ ಏನೋ ಐಬು ಇರಬೇಕು ಎಂಬ ಮುಖ ಹೊತ್ತು ಎಂಟು ಜನ ದುಂಡಗೆ ಕೂತಿದ್ದರು.

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡಳು. "ಹಂಗಾದ್ರೆ ತಪ್ಪು ನಂದೇ ಬಿಡಪ್ಪ ಪಾಲಣ್ಣ. ಎಲ್ರಿಗೂ ನಡೀತೈತೆ, ನಂಗೇ ಆಗ್ತಿಲ್ಲ. ನಂಗೆ ಇಂಥದ್ದೆಲ್ಲ ತಿಳಿಯಂಗಿಲ್ಲ. ನನ್ನ ಹೆಸ್ರು ತಗದು ಯಾರಾನ ತಿಳಿದೋರ್ನ ಹಾಕ್ಕಳ್ರಿ" ಎಂದಳು. ಸಿಟ್ಟಿರಲಿಲ್ಲ. ಚೀಲ ಹತ್ತಿರಕ್ಕೆ ಎಳೆದುಕೊಂಡು, ಮದಕರಿಪುರದಿಂದ ಹಿರಿಯೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಬಾಲರಾಜುವನ್ನು ಕೇಳಿದಳು.

ಎಷ್ಟು ತೋಟ ಅಲೆದಿದ್ದರೂ ಪಾಲಣ್ಣನಿಗೆ ಯಾರನ್ನೂ ಇಷ್ಟು ಸುಲಭವಾಗಿ ಕಳಿಸಿದ ನೆನಪಿಲ್ಲ. ಸೇರಿಸಲು ಮೂರು ಸಲ ಅವಳ ಮನೆಗೆ ಹೋಗಿದ್ದ. ಕಳಿಸಲು ಒಂದೇ ಸಂಖ್ಯೆ ಸಾಕಾಯಿತು. ಅವನಿಗೆ ನಾಚಿಕೆಯಾಯಿತು. ಅಂಕ ಕಮ್ಮಿ ಬಂದಾಗ ಆಗಿದ್ದು ಬೇಜಾರು, ಈಗ ಆಗಿದ್ದು ನಾಚಿಕೆ.

"ಕುಂತ್ಕ ದೊಡ್ಡಕ್ಕ" ಎಂದ. ದನಿ ಅವನದೇ ಅಲ್ಲದಂತಿತ್ತು. "ಸುಳ್ಳು ಹೇಳ್ದೆ ನಾನು. ಅರವತ್ತೊಂದಲ್ಲ."

"ಎಷ್ಟು?" ಎಂದರು ಖಾದರ್ ಸಾಬರು.

"ಹತ್ತೊಂಬತ್ತು."

ತಿಪ್ಪಯ್ಯ ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ಅಂದ್ರೆ ತಲಿಗೆ ಎರಡೂ ಚಿಲ್ರೆ ಬಿತ್ತು" ಎಂದ. ಬಾಲರಾಜು ಕಿಸಕ್ಕೆಂದ. ಖಾದರ್ ಸಾಬರಿಗೆ ತಡೆಯಲಾಗಲಿಲ್ಲ. ಒಬ್ಬರಾದ ಮೇಲೊಬ್ಬರು ನಗತೊಡಗಿದರು. ಪಾಲಣ್ಣನನ್ನು ಅಣಕಿಸುವ ನಗು ಅದಲ್ಲ; ನೀನೂ ಅಷ್ಟೇನಾ, ನಾನೂ ಅಷ್ಟೇ ಕಣೋ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ನಗು. ಆದರೂ ನಡುವೆ ಟವೆಲ್ ಹಿಡಿದು ಕೂತವನು ಅವನೇ ತಾನೆ, ಬಿದ್ದದ್ದೆಲ್ಲ ಅವನ ಮೇಲೆಯೇ.

ಆಮೇಲೆ ಶುರುವಾಯಿತು. ಹೋದ ವರ್ಷ ಕಾಯಿಯನ್ನು ಯಾರನ್ನೂ ಕೇಳದೆ ಒಬ್ಬನೇ ವ್ಯಾಪಾರಿಗೆ ಒಪ್ಪಿಸಿದ್ದು, ಖಾದರ್ ಸಾಬರು ನಾರಿನ ಹಗ್ಗವನ್ನೂ ಕಂಪನಿಯಿಂದಲೇ ಮಾರೋಣ ಎಂದದ್ದನ್ನು "ಆಮೇಲೆ ನೋಡಾಣ" ಎಂದು ಮೂರು ವರ್ಷ ಮುಂದೂಡಿದ್ದು, ಆಶಾರಾಣಿ ಬರೆದ ಯೋಜನೆಯನ್ನು ತನ್ನದೆಂದು ದುರ್ಗದಲ್ಲಿ ಓದಿ ಹಾರ ಹಾಕಿಸಿಕೊಂಡಿದ್ದು. ಇದನ್ನು ಆಶಾರಾಣಿಯೇ ಹೇಳಿದಳು, ಹೇಳಿ ಅತ್ತಳು. "ಪುಸ್ತಕ ಮನಿ ಬಾಗಿಲಿಗೇ ಬಂದ್ಮೇಲೆ ನಾವ್ಯಾಕೆ ಬರಾಣ?" ಎಂದ ಬಾಲರಾಜು. "ಬರಕಂಡೇ ತರ್ತಿದ್ದೆ ನೀನು. ನಾವು ಬಂದ್ರೂ ಕೇಳೋಕೇನಿತ್ತು?"

ಪಾಲಣ್ಣನಿಗೆ ಪ್ರತಿಯೊಂದಕ್ಕೂ ಉತ್ತರ ಗೊತ್ತಿತ್ತು. ಒಳ್ಳೆಯ ಉತ್ತರಗಳೇ. ಬಾಯಿ ತೆರೆದಾಗಲೆಲ್ಲ ಮದೀಹಾ ಸುಮ್ಮನೆ ಅವನತ್ತ ಅಂಗೈ ತೋರಿಸುತ್ತಿದ್ದರು. ಮೂರು ಗಂಟೆ ಅವನು ಮಾತಾಡಲಿಲ್ಲ. ಮದುವೆಯಾದಾಗಿನಿಂದ ಎಚ್ಚರವಿದ್ದು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲೆಂದು ಚಂದ್ರಕ್ಕ ಆಮೇಲೆ ಪ್ರಮಾಣ ಮಾಡಿ ಹೇಳಿದಳು. ಅಂದು ಹೋಳಿಗೆ ಆರಿಹೋಯಿತು, ಯಾರೂ ಊಟಕ್ಕೆ ಏಳಲಿಲ್ಲ.

ಹೊರಡುವ ಮುಂಚೆ ಎಲ್ಲರೂ ಸೇರಿ ಎರಡು ತೀರ್ಮಾನ ಮಾಡಿದರು. ಇನ್ನು ಪುಸ್ತಕ ಆಫೀಸು ಬಿಟ್ಟು ಕದಲಬಾರದು. ಸಭೆಯಲ್ಲಿ ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ ಮಾತಾಡಬೇಕು. ದೊಡ್ಡಕ್ಕ ಮಾತ್ರ ಆ ಮೂರು ಗಂಟೆಯೂ ಏನೂ ಹೇಳಲಿಲ್ಲ. ಟೆಂಪೋ ಇಳಿಯುವಾಗ, "ಬರ್ತೀಯ ತಾನೆ ದೊಡ್ಡಕ್ಕ ಸಭೆಗೆ?" ಎಂದು ಪಾಲಣ್ಣ ಕೇಳಿದ್ದಕ್ಕೆ, "ನೋಡಾಣ" ಎಂದಳು.

ಸಭೆ ಮುಂದಿನ ತಿಂಗಳ ಹತ್ತಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಫೋನ್ ಮಾಡಿ ಯಾರನ್ನೂ ಕಾಡಬಾರದೆಂದು ಆಶಾರಾಣಿ ಅವನಿಗೆ ತಾಕೀತು ಮಾಡಿದ್ದಳು. ಅವನು ಮಾಡಲಿಲ್ಲ. ಸಭೆಯಲ್ಲಿ ಒಂದೇ ಒಂದು ದೊಡ್ಡ ವಿಷಯ, ಯಂತ್ರ ಎಲ್ಲಿ ಕೂರಿಸಬೇಕು ಎಂಬುದು. ಪಾಲಣ್ಣ ಜವನಗೊಂಡನಹಳ್ಳಿಯಲ್ಲಿ ತನ್ನ ತಮ್ಮನ ಜಾಗ ನೋಡಿಟ್ಟಿದ್ದ. ತಮ್ಮನಿಗೆ ಮಾತು ಕೊಟ್ಟು ಒಂದು ವರ್ಷವಾಗಿತ್ತು, ತಮ್ಮ ನೆಲ ಸಮ ಮಾಡಿಸಿ ಕಾಯುತ್ತಿದ್ದ.

ಹತ್ತೂವರೆಗೇ ಹಿರಿಯೂರಿಗೆ ಬಂದ. ಮೊದಲೇ ಮೇಲೆ ಹೋಗಿ ಕೂತರೆ ಬಂದವರನ್ನೆಲ್ಲ ಸ್ವಾಗತಿಸುತ್ತಾ ಮಾತು ಶುರು ಮಾಡುತ್ತೇನೆ, ಶುರು ಮಾಡಿದರೆ ನಿಲ್ಲಿಸುವುದಿಲ್ಲ ಎಂದು ತನ್ನ ಬುದ್ಧಿ ತನಗೇ ಗೊತ್ತಿದ್ದರಿಂದ ಕೆಳಗಿನ ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಚೀಲದ ಮೇಲೆ ಕೂತ. ಅಲ್ಲಿಂದ ಮೆಟ್ಟಿಲು ಕಾಣುತ್ತದೆ. ಪೂರ್ತಿ ಅಲ್ಲ, ಹತ್ತುವವರ ಕಾಲು ಮಾತ್ರ. ಎಂಟು ವರ್ಷ ಮನೆಮನೆಯ ಹೊಸ್ತಿಲಲ್ಲಿ ಪುಸ್ತಕ ಹಿಡಿದು ನಿಂತವನಿಗೆ ಯಾರ ಚಪ್ಪಲಿ ಯಾರದೆಂದು ಚೆನ್ನಾಗಿ ಗೊತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಖಾದರ್ ಸಾಬರ ಕಪ್ಪು ಬೂಟು ಹತ್ತಿತು. ಆಮೇಲೆ ತಿಪ್ಪಯ್ಯನ ಹವಾಯಿ ಚಪ್ಪಲಿ, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಟ್ಟು. ಬಾಲರಾಜು. ಹೊಸದುರ್ಗ ರಸ್ತೆಯವರಲ್ಲಿ ಒಬ್ಬ. ನಾಲ್ಕು. ತಾನು ಸೇರಿದರೆ ಐದು, ಫೋಟೋಗೆ ಸಾಕು. ಎದ್ದು ಹೋಗಬಹುದಿತ್ತು. ಆದರೆ ಏಳಲಿಲ್ಲ. ತನ್ನಿಂದ ಐದಾಗುವುದು ಅವನಿಗೆ ಬೇಕಿರಲಿಲ್ಲ. ಹನ್ನೊಂದು ಹತ್ತಾಯಿತು. ಅಂಗಡಿಯವನು ಟೀ ತರಿಸಿದ, ಪಾಲಣ್ಣ ಲೋಟವನ್ನು ಪಕ್ಕದ ಚೀಲದ ಮೇಲಿಟ್ಟ. ಹದಿನೈದು ನಿಮಿಷವಾದ ಮೇಲೆ ಬರಿಗಾಲು ಎರಡು ಕಂಡವು, ಹಿಮ್ಮಡಿ ಒಡೆದು ಕೆಂಪು ಮಣ್ಣು ಮೆತ್ತಿದ್ದವು, ಚಪ್ಪಲಿ ಕೈಯಲ್ಲಿತ್ತು. ದೊಡ್ಡಕ್ಕ ಮೆಟ್ಟಿಲು ಹತ್ತಿ ಹೋದಳು.

ಪಾಲಣ್ಣನಿಗೆ ಕಣ್ಣು ಒದ್ದೆಯಾಯಿತು. ಗೊಬ್ಬರದ ಘಾಟು ಎಂದು ಅಂಗಡಿಯವನಿಗೆ ಹೇಳಿದ.

ಇನ್ನು ಫೋನ್ ಬರುತ್ತದೆ ಎಂದು ಕೂತ. ಅಧ್ಯಕ್ಷರು ಎಲ್ಲಿ, ಬರ್ರಿ, ನಿಮಗೇ ಕಾಯ್ತಿದೀವಿ ಎಂದು ಯಾರಾದರೂ ಕರೆಯುತ್ತಾರೆ, ಕರೆದ ಮೇಲೆ ಹೋಗುವುದೇ ಮರ್ಯಾದೆ. ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡ. ಐದು ನಿಮಿಷ. ಹತ್ತು ನಿಮಿಷ. ಚಾರ್ಜ್ ಇದೆಯೇ ನೋಡಿದ, ಇತ್ತು. ಇಪ್ಪತ್ತು ನಿಮಿಷಕ್ಕೆ ಅವನಿಗೆ ಹೊಟ್ಟೆ ಉರಿಯತೊಡಗಿತು. ಇವರು ಬರಲಿ ಎಂದು ನಾಲ್ಕೈದು ತಿಂಗಳು ಒದ್ದಾಡಿದವನಿಗೆ, ಬಂದವರು ತನ್ನನ್ನು ಕೇಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅವನು ಇದನ್ನೂ ಮುಚ್ಚಿಡದೆ ಹೇಳುತ್ತಾನೆ.

ಕಡೆಗೆ ತಾನಾಗಿಯೇ ಮೆಟ್ಟಿಲು ಹತ್ತಿದ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಾತಾಡುತ್ತಿದ್ದುದು ದೊಡ್ಡಕ್ಕ. ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳ ದನಿಯನ್ನು ಅವನು ಕೇಳಿಯೇ ಇರಲಿಲ್ಲ. ಜವನಗೊಂಡನಹಳ್ಳಿಯ ಆ ಜಾಗ ಬೇಡ, ಮಳೆ ಬಂದರೆ ಅಲ್ಲಿಗೆ ಕಾಯಿ ಹೊತ್ತ ಟ್ರ್ಯಾಕ್ಟರು ಹೋಗುವುದಿಲ್ಲ, ಹೆದ್ದಾರಿಗೆ ಹತ್ತಿರ ಜಾಗ ಹುಡುಕಬೇಕು, ಅಧ್ಯಕ್ಷರ ತಮ್ಮನ ಜಾಗ ಎಂದು ಯಾರೂ ದಾಕ್ಷಿಣ್ಯಪಡಬಾರದು ಎಂದು ಅವಳು ಹೇಳುತ್ತಿದ್ದಳು. ಅವಳು ಹೇಳುವುದರಲ್ಲಿ ನ್ಯಾಯವಿತ್ತು. ಕಳೆದ ಮಳೆಗಾಲದಲ್ಲಿ ಪಾಲಣ್ಣನ ಮೊಪೆಡ್ಡೇ ಅಲ್ಲಿ ಹೂತುಕೊಂಡಿತ್ತು. ಆದರೆ ತಮ್ಮನಿಗೆ ಏನು ಹೇಳುವುದು?

ಬಾಗಿಲು ಕಿರುಗುಟ್ಟಿತು. ಎಲ್ಲರೂ ತಿರುಗಿ ನೋಡಿದರು. ಖಾದರ್ ಸಾಬರು ಅಭ್ಯಾಸಬಲದಿಂದ ಏಳಲು ಹೋದರು. ಪಾಲಣ್ಣ, "ಅದು ಹಂಗಲ್ಲ ದೊಡ್ಡಕ್ಕ, ನೋಡು..." ಎಂದು ಬಾಯಿ ತೆರೆದ.

ದೊಡ್ಡಕ್ಕ ಅವನತ್ತ ನೋಡಿ, ಪಕ್ಕದ ಖಾಲಿ ಕುರ್ಚಿಯನ್ನು ಕಾಲಲ್ಲಿ ಸರಿಸಿದಳು. "ಬಾರಪ್ಪ, ಕುಂತ್ಕ. ನಂದಿನ್ನೂ ಮುಗಿದಿಲ್ಲ" ಎಂದಳು.

ಪಾಲಣ್ಣ ಕೂತ.